ಆಟಕ್ಕೆ ಹುಟ್ಟಿದ ಚಿಪ್, ಎಐ ಪಾಲಾದ ಮೆಮೊರಿ: ಅಗ್ಗದ ಮೊಬೈಲ್ ತುಟ್ಟಿಯಾದದ್ದೇಕೆ?

ದೇವದುರ್ಗ: ಮಸರಕಲ್‌ನ ಹತ್ತಿ ಹೊಲಕ್ಕೂ ಅಮೆರಿಕದ ಟೆಕ್ಸಾಸ್‌ನಲ್ಲಿ ಎದ್ದಿರುವ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಕ್ಕೂ ಏನು ನಂಟು ಎಂದು ಕೇಳಿದರೆ ಯಾರಿಗಾದರೂ ನಗು ಬಂದೀತು. ಆದರೆ ನಂಟು ಇದೆ. ಅದು ರೈತನ ಅಂಗಿಯ ಕಿಸೆಯಲ್ಲಿರುವ ಮೊಬೈಲ್. 2025ರ ಕೊನೆಯ ತಿಂಗಳುಗಳಿಂದ ಮೊಬೈಲ್ ಹಾಗೂ ಲ್ಯಾಪ್‌ಟಾಪ್‌ಗಳ ಬೆಲೆ ಏರತೊಡಗಿದ್ದಕ್ಕೆ ಹಲವರು ತೆರಿಗೆಯನ್ನೋ ಡಾಲರನ್ನೋ ದೂರಿದರು. ತೆರಿಗೆಯನ್ನು ದೂರುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ದೊಡ್ಡ ಟಿವಿ, ಹವಾನಿಯಂತ್ರಕಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಮೊಬೈಲ್ ಮಾತ್ರ 2020ರಿಂದ ಇದ್ದ ಶೇ 18ರಲ್ಲಿಯೇ ಉಳಿಯಿತು. ಇಳಿಯಲಿಲ್ಲ ಎಂಬ ಬೇಸರ ನ್ಯಾಯವಾದದ್ದೇ. ಏರಿದ್ದಂತೂ ಇಲ್ಲ. ಏರಿದ್ದು ಮೊಬೈಲ್‌ನೊಳಗಿನ ಮೆಮೊರಿ ಚಿಪ್‌ನ ಬೆಲೆ.

ಆ ಬೆಲೆ ಏರಿದ ಬಗೆಯನ್ನು ತಿಳಿಯಬೇಕಾದರೆ ಮೊದಲು ವಿಡಿಯೊ ಗೇಮ್‌ಗಳ ಕಡೆಗೆ ಹೋಗಬೇಕು.

ಆಟದ ಪರದೆಯಿಂದ ಆರಂಭ

ಗಣಕಯಂತ್ರದ ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ; ಒಟ್ಟು ಸುಮಾರು 20.7 ಲಕ್ಷ. ಆಟವೊಂದು ಸರಾಗವಾಗಿ ಓಡಬೇಕಾದರೆ ಈ ಪ್ರತಿಯೊಂದು ಚುಕ್ಕೆಯ ಬಣ್ಣವನ್ನೂ ಸೆಕೆಂಡಿಗೆ 60 ಬಾರಿ ಲೆಕ್ಕ ಹಾಕಬೇಕು. ಅಂದರೆ ಒಂದೇ ಸೆಕೆಂಡಿನಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಲೆಕ್ಕಗಳು. ಒಂದೊಂದು ಲೆಕ್ಕವೂ ಸಣ್ಣದು, ಆದರೆ ರಾಶಿ ದೊಡ್ಡದು. ಹತ್ತಿ ಬಿಡಿಸುವ ಕೆಲಸದಂತೆಯೇ ಇದು. ಎಷ್ಟೇ ಚುರುಕಾದ ಒಬ್ಬ ಆಳಿನಿಂದ ಹತ್ತು ಎಕರೆ ಮುಗಿಯದು. ಸಾಲಿಗೊಬ್ಬರಂತೆ ನೂರು ಆಳು ನಿಂತರೆ ಸಂಜೆಯೊಳಗೆ ಹೊಲ ಖಾಲಿ. ಗ್ರಾಫಿಕ್ಸ್ ಚಿಪ್ ಎಂಬುದು ಆ ನೂರು ಆಳುಗಳ ಗುಂಪು. 1993ರಲ್ಲಿ ಸ್ಥಾಪನೆಯಾದ ಎನ್‌ವಿಡಿಯಾ ಕಂಪನಿ 1999ರಲ್ಲಿ ಜಿಫೋರ್ಸ್ 256 ಎಂಬ ಚಿಪ್ ತಂದಾಗ ಕೊಂಡವರು ಆಟದ ಹುಚ್ಚಿನ ಹುಡುಗರೇ ಹೊರತು ವಿಜ್ಞಾನಿಗಳಲ್ಲ.

ಈ ಆಳುಗಳಿಂದ ಬೇರೆ ಕೆಲಸವನ್ನೂ ಮಾಡಿಸಬಹುದು ಎಂಬುದು ಮನವರಿಕೆಯಾಗುತ್ತ ಬಂತು. 2006ರಲ್ಲಿ ಅದೇ ಕಂಪನಿ ಕೂಡಾ ಎಂಬ ತಂತ್ರಾಂಶ ವ್ಯವಸ್ಥೆಯನ್ನು ಪ್ರಕಟಿಸಿ, ಗ್ರಾಫಿಕ್ಸ್ ಚಿಪ್‌ಗಳ ಮೇಲೆ ಯಾವುದೇ ಬಗೆಯ ಲೆಕ್ಕ ನಡೆಸಲು ದಾರಿ ಮಾಡಿತು. 2012ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಮೂವರು ಸಂಶೋಧಕರು, ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್‌ಸ್ಕೆವರ್ ಮತ್ತು ಜೆಫ್ರಿ ಹಿಂಟನ್, ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯೊಂದರಲ್ಲಿ ಉಳಿದವರನ್ನು ಬಹುದೂರ ಹಿಂದಿಕ್ಕಿದರು. ಅವರು ಬಳಸಿದ್ದು ಅಂಗಡಿಯಲ್ಲಿ ಸಿಗುವ ಎರಡು ಆಟದ ಕಾರ್ಡ್‌ಗಳನ್ನು. ಒಂದೊಂದರಲ್ಲಿ ಇದ್ದ ಮೆಮೊರಿ 3 ಜಿಬಿ. ಇಂದಿನ ಅಗ್ಗದ ಮೊಬೈಲ್‌ನಲ್ಲಿಯೂ ಅಷ್ಟಾದರೂ ಇರುತ್ತದೆ. ಇಂದಿನ ಎಐ ಅಬ್ಬರದ ಬೇರು ಅಲ್ಲಿದೆ.

ಮಕ್ಕಳು ಆಟದಲ್ಲಿ ಕೆಟ್ಟು ಹೋಗುತ್ತಾರೆಂದು ಗದರುವ ಹಿರಿಯರು ಈ ಇತಿಹಾಸವನ್ನು ತಿಳಿದಿದ್ದರೆ ಒಳ್ಳೆಯದು. ಆಟವಾಡುವವರ ಹಣದಿಂದಲೇ ಎರಡು ದಶಕ ಈ ಚಿಪ್‌ಗಳು ಬೆಳೆದವು. ಆದರೆ ಆಟದವರ ಸ್ಥಾನ ಇಂದು ಏನಾಗಿದೆ? 2025ರ ಜನವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಎನ್‌ವಿಡಿಯಾದ ಒಟ್ಟು ವರಮಾನ 130.5 ಬಿಲಿಯನ್ ಡಾಲರ್. ಅದರಲ್ಲಿ ದತ್ತಾಂಶ ಕೇಂದ್ರಗಳಿಂದ ಬಂದದ್ದು 115.2 ಬಿಲಿಯನ್, ಆಟದ ವಿಭಾಗದ ಪಾಲು ಸುಮಾರು 11.4 ಬಿಲಿಯನ್. ಸಾಕಿದವರು ಈಗ ಸಾಲಿನ ಕೊನೆಯಲ್ಲಿದ್ದಾರೆ.

ಮೇಲ್ಭಾಗದವರ ಪಂಪ್‌ಸೆಟ್

ಈಗ ಮೆಮೊರಿಯ ವಿಚಾರ. ಮೊಬೈಲ್, ಗಣಕಯಂತ್ರ, ಗೇಮ್ ಕನ್ಸೋಲ್, ಎಐ ಸರ್ವರ್ ಎಲ್ಲಕ್ಕೂ ಬೇಕಾಗುವುದು ಡಿರ‍್ಯಾಮ್ ಎಂಬ ಒಂದೇ ಜಾತಿಯ ಮೆಮೊರಿ. ಜಗತ್ತಿನ ಡಿರ‍್ಯಾಮ್‌ನ ಬಹುಪಾಲನ್ನು ತಯಾರಿಸುವುದು ಮೂರೇ ಕಂಪನಿಗಳು: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಚಿಪ್‌ಗಳಿಗೆ ಬೇಕಾದದ್ದು ಇದೇ ಡಿರ‍್ಯಾಮ್‌ನ ಹಲವು ಪದರಗಳನ್ನು ಮಹಡಿಯ ಮೇಲೆ ಮಹಡಿ ಕಟ್ಟಿದಂತೆ ಪೇರಿಸಿದ, ಎಚ್‌ಬಿಎಂ ಎಂಬ ವಿಶೇಷ ರೂಪ. ಅಷ್ಟೇ ಪ್ರಮಾಣದ ಸಾಮಾನ್ಯ ಮೆಮೊರಿಗೆ ಹೋಲಿಸಿದರೆ ಇದಕ್ಕೆ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆ ಬೇಕಾಗುತ್ತದೆ ಎಂದು ಮೈಕ್ರಾನ್ ಹೇಳಿದೆ. ಲಾಭವೂ ಹೆಚ್ಚು. ಸಹಜವಾಗಿಯೇ ಕಾರ್ಖಾನೆಗಳು ಅತ್ತ ತಿರುಗಿದವು.

ರಾಯಚೂರು ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿಯ ರೈತನಿಗೆ ಈ ಲೆಕ್ಕ ಬಾಯಿಪಾಠ. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ಎತ್ತಿದಷ್ಟೂ ಕೆಳಭಾಗದ ಗೇಜ್ ಇಳಿಯುತ್ತದೆ. ಜಲಾಶಯದಲ್ಲಿ ನೀರು ಇದ್ದರೂ ಕೆಳಭಾಗಕ್ಕೆ ತಲುಪುವುದಿಲ್ಲ. ಮೆಮೊರಿಯ ಕಾಲುವೆಯಲ್ಲಿ ಮೇಲ್ಭಾಗದ ಪಂಪ್‌ಸೆಟ್‌ಗಳು ಎಐ ಕಂಪನಿಗಳದ್ದು. 2025ರ ಅಕ್ಟೋಬರ್‌ನಲ್ಲಿ ಓಪನ್‌ಎಐ ಕಂಪನಿಯು ಸ್ಯಾಮ್‌ಸಂಗ್ ಹಾಗೂ ಎಸ್‌ಕೆ ಹೈನಿಕ್ಸ್ ಜೊತೆ ಮಾಡಿಕೊಂಡ ಪ್ರಾಥಮಿಕ ಒಪ್ಪಂದದಲ್ಲಿ ತಿಂಗಳಿಗೆ 9 ಲಕ್ಷ ಬಿಲ್ಲೆಗಳವರೆಗಿನ ಬೇಡಿಕೆಯ ಮಾತಿತ್ತು. ಅದೇ ತಿಂಗಳು ಚೀನಾದ ಶಿಯೊಮಿ, ತನ್ನ ರೆಡ್‌ಮಿ ಕೆ90 ಮೊಬೈಲ್‌ನ ಬೆಲೆ ಹೆಚ್ಚಿರುವುದಕ್ಕೆ ಮೆಮೊರಿಯ ವೆಚ್ಚವೇ ಕಾರಣವೆಂದಿತು. ಡಿಸೆಂಬರ್ 3ರಂದು ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮೆಮೊರಿ ಮಾರುವ ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಶಾಲಾ ಮಕ್ಕಳು ಪ್ರಯೋಗಕ್ಕೆ ಬಳಸುವ ರಾಸ್‌ಬೆರಿ ಪೈ ಎಂಬ ಪುಟ್ಟ ಗಣಕಯಂತ್ರ ಕೂಡ ಆ ತಿಂಗಳು ತುಟ್ಟಿಯಾಯಿತು.

ಹೊಡೆತ ಹೆಚ್ಚು ಬೀಳುವುದು ಕಡಿಮೆ ಬೆಲೆಯ ಮೊಬೈಲ್‌ಗಳಿಗೆ. ಲಕ್ಷ ರೂಪಾಯಿಯ ಫೋನಿನಲ್ಲಿ ಸಾವಿರ ರೂಪಾಯಿ ಏರಿದರೆ ಕೊಳ್ಳುವವನಿಗೆ ತಿಳಿಯುವುದೇ ಇಲ್ಲ. ಎಂಟು ಸಾವಿರದ ಫೋನಿನಲ್ಲಿ ಅಷ್ಟೇ ಏರಿದರೆ ಅದು ಎಂಟನೆಯ ಒಂದು ಪಾಲು. ತಯಾರಕರಿಗೆ ಇರುವ ದಾರಿ ಎರಡು. ಬೆಲೆ ಏರಿಸುವುದು, ಇಲ್ಲವೇ ಅದೇ ಬೆಲೆಗೆ ಕಡಿಮೆ ಮೆಮೊರಿ ಕೊಡುವುದು. ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದುವವರು ಕಡಿಮೆ.

ಮೊಬೈಲ್ ಇಲ್ಲದೆ ಹಾಜರಾತಿಯಿಲ್ಲ

ಹಳ್ಳಿಯ ಹುಡುಗರಿಗೆ ಆಟವಾಡಲು ಮೆಮೊರಿ ಸಾಲದಿದ್ದರೆ ಅದೇನು ಮಹಾ ನಷ್ಟ ಎಂದು ನಗರದ ಓದುಗರಿಗೆ ಅನಿಸಬಹುದು. ಆಟದ ಮಾತು ಹಾಗಿರಲಿ. ಮಸರಕಲ್‌ನಂಥ ಊರುಗಳಲ್ಲಿ ಸರ್ಕಾರವೇ ಮೊಬೈಲ್‌ನೊಳಗೆ ಬಂದು ಕುಳಿತಿದೆ. 2020ರ ಮುಂಗಾರಿನಿಂದ ರೈತರು ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಆ್ಯಪ್‌ನಲ್ಲಿ ಮಾಡುವ ವ್ಯವಸ್ಥೆ ಬಂತು. 2021ರಿಂದ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಆಹಾರದ ಲೆಕ್ಕವನ್ನು ಪೋಷಣ್ ಟ್ರ್ಯಾಕರ್‌ನಲ್ಲಿ ಬರೆಯಬೇಕಾಯಿತು. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕಾಮಗಾರಿಗಳ ಹಾಜರಾತಿ ಆ್ಯಪ್‌ನಲ್ಲಿಯೇ ಆಗಬೇಕೆಂಬ ನಿಯಮ ಬಂದು, ಫೋಟೊ ಏರದಿದ್ದರೆ ಕೂಲಿಯೂ ಇಲ್ಲ ಎಂಬ ಸ್ಥಿತಿ ಉಂಟಾಯಿತು. ಮೆಮೊರಿ ಸಾಲದ ಫೋನಿನಲ್ಲಿ ಇಂಥ ಆ್ಯಪ್‌ಗಳು ನಿಧಾನವಾಗುತ್ತವೆ, ನಡುವೆ ಮುಚ್ಚಿಕೊಳ್ಳುತ್ತವೆ. ಬಡವರಿಗೆ ಮೊಬೈಲನ್ನು ಕಡ್ಡಾಯ ಮಾಡಿದವರು ಅದರ ಬೆಲೆಯ ಬಗ್ಗೆ ಮೌನವಾಗಿರುವುದು ಸರಿಯಲ್ಲ.

ಆಟವನ್ನೂ ತಳ್ಳಿಹಾಕುವಂತಿಲ್ಲ. ದುಬಾರಿ ಕನ್ಸೋಲ್ ಕಾಣದ ಊರುಗಳಲ್ಲಿ ಮೊಬೈಲೇ ಆಟದ ಮನೆ. 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾದ ಪಬ್‌ಜಿ ಮೊಬೈಲ್‌ನ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂದಾಗ ಅದು ಕೇಳಿದ್ದು ಕನಿಷ್ಠ 2 ಜಿಬಿ ಮೆಮೊರಿ. ಹಣ ಕಟ್ಟಿ ಆಡುವ ಜೂಜಿನಂಥ ಆಟಗಳದ್ದು ಬೇರೆಯೇ ಕಥೆ. ಕರ್ನಾಟಕ 2021ರಲ್ಲಿ ತಂದ ಕಾನೂನಿನ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ನೀಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ಇನ್ನಾದರೂ ಬಿಡಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಆಟದ ಕಂಪನಿ 2019ರಲ್ಲಿ ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಆಟ ಕಟ್ಟುವುದು ಈ ನಾಡಿನ ಯುವಕರಿಗೆ ಉದ್ಯೋಗವೂ ಹೌದು.

ಬಿಟ್ಟಿ ಎಐ, ದುಬಾರಿ ಫೋನ್

ವಿಚಿತ್ರವೆಂದರೆ ಮೊಬೈಲ್ ತುಟ್ಟಿಯಾದ ಹೊತ್ತಿನಲ್ಲಿಯೇ ಎಐ ಬಿಟ್ಟಿಯಾಯಿತು. 2025ರ ಅಕ್ಟೋಬರ್ ಕೊನೆಯಲ್ಲಿ ಜಿಯೊ ತನ್ನ ಗ್ರಾಹಕರಿಗೆ ಗೂಗಲ್‌ನ ಜೆಮಿನಿ ಸೇವೆಯನ್ನು 18 ತಿಂಗಳು ಉಚಿತವೆಂದು ಸಾರಿತು. ನವೆಂಬರ್ 4ರಿಂದ ಓಪನ್‌ಎಐ ಭಾರತೀಯರಿಗೆ ಚಾಟ್‌ಜಿಪಿಟಿ ಗೋ ಯೋಜನೆಯನ್ನು ಒಂದು ವರ್ಷ ಉಚಿತವಾಗಿ ಕೊಟ್ಟಿತು. ಉಚಿತ ನೀಡುವವರಿಗೆ ಬೇಕಿರುವುದು ಬಳಕೆದಾರರು, ಅವರ ರೂಢಿ ಮತ್ತು ಅವರ ಮಾತು.

ಮಾತಿಗೂ ಬೆಲೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸಿದ ವಾಣಿ ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಆಡುಮಾತಿನಲ್ಲಿ ಹೇಳಿಸಿ ಧ್ವನಿಮುದ್ರಿಸಲಾಯಿತು. ಅದರಲ್ಲಿ ರಾಯಚೂರು ಜಿಲ್ಲೆಯ ದನಿಯೂ ಇದೆ, ಮತ್ತು ಆ ಸಂಗ್ರಹ ಎಲ್ಲರಿಗೂ ಮುಕ್ತವಾಗಿದೆ. ಇದು ನಿಜಕ್ಕೂ ಉಪಯುಕ್ತವಾದ ಎಐ. ಓದು ಬಾರದವರು ಬಾಯಿಮಾತಿನಲ್ಲಿಯೇ ಕೇಳಿ ತಿಳಿಯಲು ಇಂಥ ಕೆಲಸವೇ ಅಡಿಗಲ್ಲು. 2019ರಲ್ಲಿ ಆರಂಭವಾದ ರಾಯಚೂರಿನ ಐಐಐಟಿಯಲ್ಲಿ ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನದ ಬಿ.ಟೆಕ್ ಕೋರ್ಸ್ ಇದೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಕೈಯಳತೆಯಲ್ಲಿರುವ ವಿಷಯವಿದು.

ಆದರೆ ಫೋನಿನ ಪೆಟ್ಟಿಗೆಯ ಮೇಲೆ ಎಐ ಎಂದು ಅಚ್ಚು ಹಾಕಿ ಮಾರುವುದು ಬೇರೆ ಮಾತು. ಪ್ರಶ್ನೆಗೆ ಉತ್ತರ ಹೇಳುವ, ಅನುವಾದಿಸುವ ಹೆಚ್ಚಿನ ಕೆಲಸ ನಡೆಯುವುದು ದೂರದ ಸರ್ವರ್‌ಗಳಲ್ಲಿ. ಅಂತರ್ಜಾಲವಿದ್ದರೆ ಸಾಮಾನ್ಯ ಫೋನಿಗೂ ಅದು ಸಿಗುತ್ತದೆ. ಫೋನಿನೊಳಗೇ ಓಡುವ ಎಐಗೆ ಮಾತ್ರ ಹೆಚ್ಚು ಮೆಮೊರಿ ಬೇಕು. ಆ್ಯಪಲ್ ತನ್ನ ಎಐ ಸೌಲಭ್ಯಕ್ಕೆ 8 ಜಿಬಿ ಇರುವ ಐಫೋನ್‌ಗಳನ್ನಷ್ಟೇ ಆಯ್ದುಕೊಂಡಿತು. ಕೊರತೆಯ ಕಾಲದಲ್ಲಿ ಆ ಅಚ್ಚಿಗಾಗಿ ಹೆಚ್ಚು ಹಣ ತೆರುವುದಕ್ಕಿಂತ ಮೆಮೊರಿ ಎಷ್ಟಿದೆ, ತಂತ್ರಾಂಶದ ಸುಧಾರಣೆ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ ಕೊಳ್ಳುವುದು ಲೇಸು.

ವಿದ್ಯುತ್ತಿನ ಲೆಕ್ಕವೂ ಇದಕ್ಕೆ ಸೇರಿದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. 2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದಲ್ಲಿ ಪ್ರಕಟಿಸಿದ ಎಐ ಕೇಂದ್ರ ಗಿಗಾವಾಟ್ ಪ್ರಮಾಣದ್ದು, ಅಂದರೆ ಸಾವಿರ ಮೆಗಾವಾಟ್‌ನ ಆಸುಪಾಸು. ಹಾರುಬೂದಿಯ ನಡುವೆ ಬದುಕುವ ರಾಯಚೂರಿನವರಿಗೆ ಈ ಅಂಕಿಯ ತೂಕ ತಿಳಿಯುತ್ತದೆ.

ಮೆಮೊರಿಯ ಕೊರತೆ ಬೇಗ ನೀಗುವಂಥದ್ದಲ್ಲ. ಚಿಪ್ ಕಾರ್ಖಾನೆ ಕಟ್ಟಿ ಉತ್ಪಾದನೆ ಆರಂಭಿಸಲು ವರ್ಷಗಳೇ ಬೇಕು. ಮೈಕ್ರಾನ್ ಅಮೆರಿಕದ ಐಡಾಹೊದಲ್ಲಿ ಕಟ್ಟುತ್ತಿರುವ ಹೊಸ ಘಟಕದಿಂದ ಮೊದಲ ಬಿಲ್ಲೆಗಳು ಬರುವುದು 2027ರಲ್ಲಿ ಎಂದು ಕಂಪನಿ ತಿಳಿಸಿದೆ. ಗುಜರಾತಿನ ಸಾನಂದದಲ್ಲಿ ಸ್ಥಾಪಿಸುವುದಾಗಿ ಅದೇ ಕಂಪನಿ 2023ರಲ್ಲಿ ಘೋಷಿಸಿದ ಘಟಕ, ಬೇರೆಡೆ ತಯಾರಾದ ಬಿಲ್ಲೆಗಳನ್ನು ಜೋಡಿಸಿ ಪರೀಕ್ಷಿಸುವಂಥದ್ದು. ಬಿಲ್ಲೆಯ ಕೊರತೆಯನ್ನು ಅದು ತುಂಬಲಾರದು.