ಓಡುವುದೊಂದೇ ಅಲ್ಲ: ‘ರನ್’ ಎಂಬ ಕ್ರಿಯಾಪದ

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಅಮೆರಿಕಕ್ಕೆ ಬಂದಿದ್ದಾಗ ನನ್ನೊಡನೆ ವೈದ್ಯರಲ್ಲಿಗೆ ಬಂದಿದ್ದರು. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಸಿದ ವೈದ್ಯರು, ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’ ಎಂದರು. ಅವರು ಏನು ಹೇಳಿದರೆಂದು ಅಮ್ಮ ಕೇಳಿದಾಗ, ‘ವಂಶದಲ್ಲೇ ಹರಿದು ಬಂದಿದೆಯಂತೆ’ ಎಂದುಬಿಟ್ಟೆ. ಅಮ್ಮನಿಗೂ ಅದೇ ಕಾಯಿಲೆ ಇತ್ತು. ಕಾರಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ನನ್ನಿಂದ್ಲೇ ನಿನಗೆ ಬಂತು ಅನ್ನು’ ಎಂದರು. ವೈದ್ಯರ ಮಾತಿನಲ್ಲಿ ಯಾರ ಮೇಲೂ ಇರದಿದ್ದ ಹೊರೆ ನನ್ನ ಅನುವಾದದಲ್ಲಿ ಅವರ ಮೇಲೆ ಬಿದ್ದಿತ್ತು. ಇಂಗ್ಲಿಷಿನ ಮೂರೇ ಅಕ್ಷರಗಳ ಈ ಕ್ರಿಯಾಪದವನ್ನು ನಾನು ಗಮನಿಸತೊಡಗಿದ್ದು ಅಂದಿನಿಂದ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ವಿವರಣೆ ಪಡೆದಿದ್ದ ಕ್ರಿಯಾಪದ ‘ಸೆಟ್’. ಮುಂದಿನ ಪರಿಷ್ಕರಣದಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಸಂಪಾದಕ ಪೀಟರ್ ಗಿಲಿವರ್ ಈ ಒಂದೇ ಪದದ ಮೇಲೆ ಸುಮಾರು ಒಂಬತ್ತು ತಿಂಗಳು ಶ್ರಮಿಸಿದರು. ಕ್ರಿಯಾಪದವಾಗಿ ಅದಕ್ಕೆ ದೊರೆತ ಅರ್ಥಗಳ ಸಂಖ್ಯೆ 645.

ಇಷ್ಟೊಂದು ಅರ್ಥಗಳನ್ನು ಯಾರೂ ಕಂಠಪಾಠ ಮಾಡಲಾರರು, ಮಾಡಬೇಕಾಗಿಯೂ ಇಲ್ಲ. ಅವು ಹೇಗೆ ಹುಟ್ಟಿದವೆಂದು ತಿಳಿದರೆ ಸಾಕು. ಈ ಪದದ ಹಳೆಯ ಇಂಗ್ಲಿಷ್ ಮೂಲಕ್ಕೆ ಓಡುವುದು, ಹರಿಯುವುದು ಎಂಬ ಎರಡೂ ಅರ್ಥಗಳಿದ್ದವು. ಅದರ ಬಂಧುಗಳು ಜರ್ಮನ್ ಭಾಷೆಯಲ್ಲಿ ಇಂದು ಎರಡು ಪದಗಳಾಗಿ ಉಳಿದಿವೆ: ‘ರೆನ್ನೆನ್’ ಎಂದರೆ ಓಡು, ‘ರಿನ್ನೆನ್’ ಎಂದರೆ ಹರಿ. ಆದ್ದರಿಂದ ಈ ಪದದ ತಿರುಳು ಕಾಲಿನ ವೇಗವಲ್ಲ, ತಡೆಯಿಲ್ಲದ ಚಲನೆ. ನದಿ, ನಲ್ಲಿ, ನೆಗಡಿಯಾದ ಮೂಗು, ಒಗೆದಾಗ ಬಣ್ಣ ಬಿಡುವ ಬಟ್ಟೆ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ‘ರನ್’ ಒಂದೇ. ಯಂತ್ರಯುಗ ಬಂದಾಗ ಎಂಜಿನ್ನಿಗೂ ರೈಲಿಗೂ, ಅನಂತರ ಕಂಪ್ಯೂಟರಿನ ಪ್ರೋಗ್ರಾಮಿಗೂ ಅದೇ ಪದ ಒದಗಿತು.

ಅರ್ಥಗಳು ಹೆಚ್ಚಲು ವ್ಯಾಕರಣವೂ ಕಾರಣ. ಕನ್ನಡದಲ್ಲಿ ತಾನೇ ಮಾಡುವುದಕ್ಕೂ ಮಾಡಿಸುವುದಕ್ಕೂ ರೂಪ ಬೇರೆ: ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು. ಇಂಗ್ಲಿಷಿನ ‘ರನ್’ ರೂಪ ಬದಲಿಸದೆಯೇ ಎರಡೂ ಕೆಲಸ ಮಾಡುತ್ತದೆ. ಮಗು ‘ರನ್’ ಮಾಡುತ್ತದೆ, ಅದರ ತಾಯಿ ಹೋಟೆಲ್ ‘ರನ್’ ಮಾಡುತ್ತಾಳೆ. ಇಲ್ಲಿ ಬೆಳೆದ ಮಕ್ಕಳು ‘ತಾತ ಅಂಗಡಿ ಓಡಿಸುತ್ತಿದ್ದರು’ ಎನ್ನುವುದು ಇದರಿಂದಲೇ. ನಕ್ಕುಬಿಡುವ ಬದಲು ‘ನಡೆಸುತ್ತಿದ್ದರು’ ಎಂದು ಹೇಳಿಕೊಟ್ಟರೆ ಅವರು ಕಲಿಯುತ್ತಾರೆ.

ಪಕ್ಕಕ್ಕೆ ಸೇರುವ ಪುಟ್ಟ ಪದಗಳು ಅರ್ಥವನ್ನು ಇನ್ನಷ್ಟು ಬದಲಿಸುತ್ತವೆ. ಕ್ರಿಕೆಟ್ಟಿನಲ್ಲಿ ‘ರನ್ ಔಟ್’ ಆಗುವವನು ಬ್ಯಾಟ್ಸ್‌ಮನ್; ಅಡುಗೆಮನೆಯಲ್ಲಿ ಅಕ್ಕಿ ‘ರನ್ ಔಟ್’ ಆದರೆ ಮುಗಿದುಹೋಯಿತೆಂದು ಅರ್ಥ. ಹಳೆಯ ಗೆಳೆಯನಿಗೆ ‘ರನ್ ಇಂಟು’ ಆದರೆ ಆಕಸ್ಮಿಕ ಭೇಟಿ, ಗೋಡೆಗಾದರೆ ಡಿಕ್ಕಿ. ‘ರನ್ ಡೌನ್’ ಆದ ದೇಹ ಬಳಲಿದೆ, ಮನೆ ಪಾಳುಬಿದ್ದಿದೆ, ಬ್ಯಾಟರಿಯ ಶಕ್ತಿ ಮುಗಿದಿದೆ. ದೇಶ ಬದಲಾದರೂ ಬಳಕೆ ಬದಲಾಗುತ್ತದೆ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡಿದರೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ. ಕನ್ನಡದ ಅಭ್ಯರ್ಥಿಯೂ ನಿಲ್ಲುವವನೇ.

ಹಾಗೆಂದು ನಮ್ಮ ‘ಓಡು’ ಬಡಪದವೇನಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಗಡಿಯಾರ ಓಡುತ್ತದೆ, ಪರೀಕ್ಷೆಯಲ್ಲಿ ತಲೆ ಓಡುವುದಿಲ್ಲ. ಆದರೂ ‘ರನ್’ ಪದದ ನಿಜವಾದ ಜೊತೆಗಾರ ‘ಹರಿ’ ಎಂದು ನನಗನ್ನಿಸುತ್ತದೆ. ಅದರ ಹಳಗನ್ನಡ ರೂಪ ‘ಪರಿ’. ಅದಕ್ಕೂ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು. ಹೊಳೆ ಹರಿಯುತ್ತದೆ, ಸುದ್ದಿ ಹರಿದಾಡುತ್ತದೆ, ಪುಟದ ಮೇಲೆ ಕಣ್ಣು ಹರಿಸುತ್ತೇವೆ. ಇಂಗ್ಲಿಷಿನವರು ‘ರನ್ ಓವರ್’ ಎನ್ನುವಲ್ಲಿ ನಮ್ಮ ಪತ್ರಿಕೆಗಳು ‘ಬಸ್ ಹರಿದು ಸಾವು’ ಎಂದು ಬರೆಯುತ್ತವೆ.

ಆದ್ದರಿಂದ ‘ರನ್’ ಎದುರಾದಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಚಲಿಸುತ್ತಿರುವುದು ಯಾವುದು? ಅದು ತಾನಾಗಿ ಚಲಿಸುತ್ತಿದೆಯೋ, ಯಾರಾದರೂ ಚಲಿಸುವಂತೆ ಮಾಡುತ್ತಿದ್ದಾರೋ? ಪಕ್ಕದಲ್ಲಿರುವ ಪುಟ್ಟ ಪದ ಯಾವುದು? ಬಹುಪಾಲು ವಾಕ್ಯಗಳು ಇಷ್ಟಕ್ಕೇ ಬಿಡಿಸಿಕೊಳ್ಳುತ್ತವೆ.

ಈ ಪ್ರಶ್ನೆಗಳನ್ನು ವೈದ್ಯರ ಮಾತಿಗೆ ಹಾಕಿ ನೋಡಿದ್ದೇನೆ. ಅಲ್ಲಿ ಯಾರೂ ಯಾರಿಗೂ ಏನನ್ನೂ ಕೊಟ್ಟಿಲ್ಲ; ಕುಟುಂಬದ ಹಲವರಲ್ಲಿ ಕಾಯಿಲೆ ಕಾಣಿಸಿಕೊಂಡಿದೆ ಎಂಬುದಷ್ಟೇ ಇದೆ. ನನ್ನ ‘ಹರಿ’ ತಪ್ಪಾಗಿರಲಿಲ್ಲ. ತಪ್ಪಿದ್ದದ್ದು ಅದಕ್ಕೆ ಸೇರಿಸಿದ ‘ಬಂದಿದೆ’ ಎಂಬಲ್ಲಿ. ಬಂದಿದೆ ಎಂದೊಡನೆ ಕನ್ನಡದ ಕಿವಿ ‘ಎಲ್ಲಿಂದ, ಯಾರಿಂದ’ ಎಂದು ಕೇಳುತ್ತದೆ. ಅಮ್ಮನ ಕಿವಿಯೂ ಅದನ್ನೇ ಕೇಳಿತ್ತು. ‘ನಮ್ಮ ಮನೆಯಲ್ಲಿ ಎಷ್ಟೋ ಜನಕ್ಕೆ ಇದೆಯಲ್ಲಮ್ಮ, ಅದನ್ನೇ ಹೇಳಿದರು’ ಎಂದಿದ್ದರೆ ಸಾಕಾಗಿತ್ತು. ಅಂದು ನನಗೆ ಅದು ತೋಚಲಿಲ್ಲ.