ಕುಣಿತದೊಳಗಣ ಸಂಯಮ: ‘ಶೀಕ್’ ಮೇಳದ ಮೊದಲ ಧ್ವನಿಮುದ್ರಿಕೆ

1975ರ ಸುಮಾರಿನಲ್ಲಿ ನ್ಯೂಯಾರ್ಕ್ ಮಹಾನಗರವು ಸಾಲ ತೀರಿಸಲಾರದೆ ದಿವಾಳಿಯ ಅಂಚಿಗೆ ಬಂದು ನಿಂತಿದ್ದಾಗ, ಪೊಲೀಸರನ್ನೂ ಅಗ್ನಿಶಾಮಕರನ್ನೂ ಕೆಲಸದಿಂದ ಕಳುಹಿಸಬೇಕಾದಷ್ಟು ದಾರಿದ್ರ್ಯವು ನಗರಾಡಳಿತವನ್ನು ಆವರಿಸಿದ್ದಾಗ, ಅದೇ ನಗರದ ಹಳೆಯ ಗೋದಾಮುಗಳಲ್ಲಿಯೂ ನೆಲಮಾಳಿಗೆಗಳಲ್ಲಿಯೂ ಜನರು ಬೆಳಗಾಗುವವರೆಗೆ ಕುಣಿಯುತ್ತಿದ್ದರು. ಹಾಗೆ ಕುಣಿಯುತ್ತಿದ್ದವರಲ್ಲಿ ಬಹುಮಂದಿ ಕಪ್ಪುಜನರು, ಲ್ಯಾಟಿನ್ ಅಮೆರಿಕ ಮೂಲದವರು, ಮತ್ತು ಸಮಾಜವು ಹತ್ತಿರ ಸೇರಿಸದ ಸಲಿಂಗಪ್ರೇಮಿಗಳು. ಅವರ ಕುಣಿತಕ್ಕೆ ಒದಗಿದ ಸಂಗೀತವೇ ಡಿಸ್ಕೊ. ಪಂಡಿತವರ್ಗವು ಅದನ್ನು ಲಘುವೆಂದು ಕಡೆಗಣಿಸಿತು. ಆದರೆ 1977ರ ನವೆಂಬರಿನಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಯಿಂದ ಹೊರಬಂದ, ಮೇಳದ ಹೆಸರನ್ನೇ ಶೀರ್ಷಿಕೆಯಾಗಿ ಹೊತ್ತ ‘ಶೀಕ್’ ಎಂಬ ಧ್ವನಿಮುದ್ರಿಕೆಯನ್ನು ಸಾವಧಾನವಾಗಿ ಕೇಳಿದವರಿಗೆ, ಆ ಉಲ್ಲಾಸದ ಬುಡದಲ್ಲಿ ಎಷ್ಟು ಕಠಿನವಾದ ಶಿಸ್ತು ಅಡಗಿದೆಯೆಂಬುದು ಮನವರಿಕೆಯಾಗದೆ ಇರದು.

ಮೊದಲು ಈ ಸಂಗೀತದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಡಿಸ್ಕೊಗೆ ಬುನಾದಿಯಾದ ಸೋಲ್ ಎಂಬುದು ಅಮೆರಿಕದ ಕಪ್ಪುಜನರ ಇಗರ್ಜಿಗಳ ಭಕ್ತಿಗಾನವೂ ಅವರ ಲೌಕಿಕ ಲಯಗೀತೆಗಳೂ ಬೆರೆತು 1950ರ ದಶಕದ ಕೊನೆಯ ವೇಳೆಗೆ ರೂಪುಗೊಂಡ ಗಾಯನಪದ್ಧತಿ. ಎದೆ ಬಿಚ್ಚಿ ಹಾಡುವುದೇ ಅದರ ಧರ್ಮ. ಡಿಸ್ಕೊ ಆ ಗಾಯನವನ್ನು ಉಳಿಸಿಕೊಂಡು, ಅದರ ಕೆಳಗೆ ಪ್ರತಿ ಆವರ್ತಕ್ಕೂ ನಾಲ್ಕು ಸಮವಾದ ಪೆಟ್ಟುಗಳನ್ನು ದೊಡ್ಡ ಡ್ರಮ್ಮಿನಿಂದ ಹಾಕಿಸಿ, ಮೇಲೆ ಪಿಟೀಲುಗಳ ಸಮೂಹವನ್ನು ಹರಡಿತು. ಒಂದು ಹಾಡು ಮುಗಿಯುವ ಮೊದಲೇ ಮತ್ತೊಂದನ್ನು ಅದರೊಡನೆ ಹೆಣೆದು, ಕುಣಿತವು ಎಲ್ಲಿಯೂ ಕಡಿಯದಂತೆ ಎರಡು ತಿರುಗುತಟ್ಟೆಗಳ ಮೇಲೆ ರೆಕಾರ್ಡುಗಳನ್ನು ನಡೆಸುವ ಡಿಜೆಯೇ ಈ ಲೋಕದ ಸೂತ್ರಧಾರ. ರೇಡಿಯೋದ ಮೂರು ನಿಮಿಷದ ಹಾಡು ಅವನಿಗೆ ಸಾಲದೆ ಹೋದುದರಿಂದಲೇ ಹನ್ನೆರಡು ಅಂಗುಲದ ದೀರ್ಘವಾದ ಸಿಂಗಲ್ ರೆಕಾರ್ಡು ಬಳಕೆಗೆ ಬಂದಿತು.

‘ಶೀಕ್’ ಮೇಳದ ಜೀವಾಳವೆಂದರೆ ಗಿಟಾರ್ ವಾದಕ ನೈಲ್ ರಾಜರ್ಸ್ ಮತ್ತು ಬೇಸ್ (ಮಂದ್ರಸ್ವರದ ಗಿಟಾರ್) ವಾದಕ ಬರ್ನಾರ್ಡ್ ಎಡ್ವರ್ಡ್ಸ್. ಇಬ್ಬರೂ 1952ರಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ಬ್ಲ್ಯಾಕ್ ಪ್ಯಾಂಥರ್ ಚಳವಳಿಯಲ್ಲಿದ್ದ ರಾಜರ್ಸ್, ಬಳಿಕ ಹಾರ್ಲೆಮ್ಮಿನ ಅಪೊಲೊ ರಂಗಮಂದಿರದ ವಾದ್ಯವೃಂದದಲ್ಲಿ ಗಿಟಾರ್ ನುಡಿಸಿ ಪಳಗಿದವನು. ಇವರಿಬ್ಬರೂ ಮೊದಲು ‘ನ್ಯೂಯಾರ್ಕ್ ಸಿಟಿ’ ಎಂಬ ಗಾಯಕವೃಂದಕ್ಕೆ ಹಿಮ್ಮೇಳವಾಗಿ ಊರೂರು ತಿರುಗಿದರು. ‘ಬಿಗ್ ಆ್ಯಪಲ್ ಬ್ಯಾಂಡ್’ ಎಂದು ಹೆಸರಿಟ್ಟುಕೊಂಡಿದ್ದ ಇವರ ಮೇಳಕ್ಕೆ, 1976ರಲ್ಲಿ ಅದೇ ಹೆಸರಿನ ಇನ್ನೊಂದು ಮೇಳದೊಡನೆ ವಾಲ್ಟರ್ ಮರ್ಫಿ ಎಂಬಾತನು ಬೀಥೋವನ್ನನ ಐದನೆಯ ಸಿಂಫನಿಯನ್ನು ಡಿಸ್ಕೊ ಮಾಡಿ ಪ್ರಸಿದ್ಧನಾದ ಮೇಲೆ, ಹೊಸ ಹೆಸರು ಅನಿವಾರ್ಯವಾಯಿತು. ಇಂಗ್ಲೆಂಡಿನ ‘ರಾಕ್ಸಿ ಮ್ಯೂಸಿಕ್’ ಮೇಳದವರ ಉಡುಗೆತೊಡುಗೆಯ ಸೊಬಗನ್ನೂ, ಬಣ್ಣದ ಮರೆಯಲ್ಲಿ ಮುಖವನ್ನು ಅಡಗಿಸುತ್ತಿದ್ದ ‘ಕಿಸ್’ ಮೇಳದವರ ಅಜ್ಞಾತವಾಸವನ್ನೂ ಕಂಡು ರಾಜರ್ಸ್ ತನ್ನ ಮೇಳದ ಕಲ್ಪನೆಯನ್ನು ಕಟ್ಟಿಕೊಂಡನು. ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ವಾದಕರ ಚಿತ್ರವಿಲ್ಲದೆ ಇಬ್ಬರು ರೂಪದರ್ಶಿಯರ ಚಿತ್ರವಿರುವುದಕ್ಕೆ ಇದೇ ಕಾರಣ.

ಏಳು ಹಾಡುಗಳ ಈ ಧ್ವನಿಮುದ್ರಿಕೆಯ ಆರಂಭದಲ್ಲಿರುವುದು ‘ಡ್ಯಾನ್ಸ್, ಡ್ಯಾನ್ಸ್, ಡ್ಯಾನ್ಸ್’. ಅದರಲ್ಲಿ ಮತ್ತೆ ಮತ್ತೆ ಕೇಳಿಬರುವ ‘ಯೌಸಾ’ ಎಂಬ ಕೂಗು, 1920 ಮತ್ತು 30ರ ದಶಕಗಳಲ್ಲಿ ಬೆನ್ ಬರ್ನಿ ಎಂಬ ವಾದ್ಯವೃಂದದ ನಾಯಕನು ರೇಡಿಯೋದಲ್ಲಿ ಜನಪ್ರಿಯಗೊಳಿಸಿದ ಉದ್ಗಾರ. ಆರ್ಥಿಕ ಮಹಾಕುಸಿತದ ಆ ಕಾಲದಲ್ಲಿ ಅಮೆರಿಕದ ನಿರುದ್ಯೋಗಿಗಳು ಬಹುಮಾನದ ಹಣಕ್ಕಾಗಿಯೂ ಬಿಟ್ಟಿ ಊಟಕ್ಕಾಗಿಯೂ ದಿನಗಟ್ಟಲೆ, ಕಾಲು ಸೋತು ಕುಸಿಯುವವರೆಗೆ, ಜೋಡಿಜೋಡಿಯಾಗಿ ಕುಣಿಯುತ್ತಿದ್ದ ಕ್ರೂರಸ್ಪರ್ಧೆಗಳಿದ್ದವು. 1969ರ ‘ದೆ ಶೂಟ್ ಹಾರ್ಸಸ್, ಡೋಂಟ್ ದೆ?’ ಎಂಬ ಚಲನಚಿತ್ರವು ಆ ಕೂಗನ್ನೂ ಆ ಸ್ಪರ್ಧೆಗಳನ್ನೂ ಮತ್ತೆ ಜನರ ನೆನಪಿಗೆ ತಂದಿತ್ತು. ದಿವಾಳಿಯ ಅಂಚಿನಲ್ಲಿದ್ದ ನಗರದಲ್ಲಿ ಕುಣಿಯಲು ಹೊರಟವರಿಗೆ ಹಿಂದಿನ ತಲೆಮಾರಿನ ಹಸಿದ ಕುಣಿತವನ್ನು ನಗುನಗುತ್ತಲೇ ಜ್ಞಾಪಿಸಿದ ಈ ಗೀತೆ, ಹಾಡಿನೊಳಗೆ ಗೂಢಾರ್ಥವೊಂದು ಇರಲೇಬೇಕೆಂಬ ರಾಜರ್ಸ್‌ನ ನಿಯಮಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಮುಖ್ಯ ಜನಪ್ರಿಯತಾಪಟ್ಟಿಯಲ್ಲಿ ಅದು 6ನೆಯ ಸ್ಥಾನಕ್ಕೇರಿತು.

ಆದರೆ ಧ್ವನಿಮುದ್ರಿಕೆಯ ಶಿಖರವೆಂದು ನಾನು ಎಣಿಸುವುದು ‘ಎವ್ರಿಬಡಿ ಡ್ಯಾನ್ಸ್’ ಎಂಬ ಗೀತೆಯನ್ನು. ಮೇಳಕ್ಕೆ ಹೆಸರೇ ನಿಲ್ಲದಿದ್ದಾಗ ಧ್ವನಿಮುದ್ರಿತವಾದ ಈ ಹಾಡು, ರೆಕಾರ್ಡಾಗಿ ಹೊರಬರುವ ಮೊದಲೇ ಡಿಜೆ ಗೆಳೆಯನೊಬ್ಬನ ಕೈಯಿಂದ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಮೊಳಗಿ, ಕೇಳಿದವರು ಮತ್ತೆ ಮತ್ತೆ ಅದನ್ನೇ ಬೇಡುವಂತೆ ಮಾಡಿತು. ನಾರ್ಮಾ ಜೀನ್ ರೈಟ್ ಪ್ರಧಾನ ಗಾಯಕಿ. ಮುಂದೆ ಸ್ವತಂತ್ರವಾಗಿ ಕೀರ್ತಿ ಪಡೆದ ಲೂಥರ್ ವ್ಯಾಂಡ್ರಾಸ್‌ನ ಕಂಠವು ಈ ಧ್ವನಿಮುದ್ರಿಕೆಯ ಹಿನ್ನೆಲೆಯ ಗಾಯನದಲ್ಲಿದೆ. ಈ ಹಾಡಿನಲ್ಲಿ ಎಡ್ವರ್ಡ್ಸ್‌ನ ಬೇಸ್ ತಾಳವನ್ನು ಹಿಡಿದುಕೊಂಡೇ ತಾನೂ ಒಂದು ರಾಗವನ್ನು ಹಾಡುತ್ತದೆ. ರಾಜರ್ಸ್‌ನ ಗಿಟಾರಾದರೋ ಸ್ವರವನ್ನು ಎಳೆಯದೆ, ಎಡಗೈ ಬೆರಳುಗಳಿಂದ ತಂತಿಗಳನ್ನು ಅದುಮುತ್ತ, ಸಡಿಲಿಸುತ್ತ, ಬಲಗೈಯಿಂದ ಸಣ್ಣ ಸಣ್ಣ ತುಣುಕುಗಳಾಗಿ ಲಯವನ್ನು ಕೊಚ್ಚುತ್ತದೆ. ಟೋನಿ ಥಾಂಪ್ಸನ್ನನ ಡ್ರಮ್ಮು ಇಬ್ಬರಿಗೂ ಎಡೆಗೊಟ್ಟು ಅಲುಗಾಡದೆ ನಿಲ್ಲುತ್ತದೆ. ಮೃದಂಗದಲ್ಲಿ ಕಾರ್ವೆಯ ಬೆಲೆಯನ್ನು ಬಲ್ಲ ನಮ್ಮ ರಸಿಕರಿಗೆ, ನುಡಿಸದೆ ಬಿಟ್ಟ ಎಡೆಯೂ ಲಯದ ಅಂಗವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಎಡೆಯೊಳಕ್ಕೆ ಇನ್ನೊಬ್ಬರು ನುಗ್ಗದಿರುವ ಈ ಸಂಯಮವೇ ಅವರ ವಾದನವನ್ನು ಅಂದಿನ ನೂರಾರು ಡಿಸ್ಕೊ ರೆಕಾರ್ಡುಗಳಿಂದ ಪ್ರತ್ಯೇಕಿಸಿದ ಗುಣ.

ಮಿಕ್ಕ ಹಾಡುಗಳೆಲ್ಲವೂ ಈ ಮಟ್ಟವನ್ನು ಮುಟ್ಟುವುದಿಲ್ಲ. ‘ಫಾಲಿಂಗ್ ಇನ್ ಲವ್ ವಿತ್ ಯೂ’ ಎಂಬ ಮಂದಗತಿಯ ಪ್ರೇಮಗೀತೆ ಮಧುರವಾದರೂ ಸಾಮಾನ್ಯವಾದುದು. ‘ಸಾವೊ ಪಾಲೊ’ ಜಾಜ್‌ನ ಕಡೆಗೆ ವಾಲುವ, ಕೇಳಲು ಹಿತವಾದ ವಾದ್ಯರಚನೆಯೇ ಹೊರತು ಹೆಚ್ಚಿನದೇನಲ್ಲ. ತಮ್ಮ ಶಕ್ತಿಯ ನೆಲೆ ಯಾವುದೆಂಬುದನ್ನು ಇನ್ನೂ ಹುಡುಕುತ್ತಿದ್ದವರ ಕೃತಿ ಇದು.

1977ರ ಕೊನೆಯ ರಾತ್ರಿ, ಗಾಯಕಿ ಗ್ರೇಸ್ ಜೋನ್ಸ್‌ಳ ಆಹ್ವಾನದ ಮೇಲೆ ಹೋದ ರಾಜರ್ಸ್ ಮತ್ತು ಎಡ್ವರ್ಡ್ಸ್ ಇಬ್ಬರನ್ನೂ ‘ಸ್ಟುಡಿಯೋ 54’ ಕ್ಲಬ್ಬಿನ ದ್ವಾರಪಾಲಕರು ಒಳಗೆ ಬಿಡಲಿಲ್ಲ. ಒಳಗೆ ಜನರನ್ನು ಕುಣಿಸುವ ಹಾಡನ್ನು ಕಟ್ಟಿದವರೇ ಹೊರಗೆ ಚಳಿಯಲ್ಲಿ ನಿಲ್ಲಬೇಕಾದ ಆ ಅವಮಾನದಿಂದ ಹುಟ್ಟಿದ ‘ಲ ಫ್ರೀಕ್’ ಗೀತೆ 1978ರಲ್ಲಿ ಜನಪ್ರಿಯತಾಪಟ್ಟಿಯ ಅಗ್ರಸ್ಥಾನಕ್ಕೇರಿತು. ಇತ್ತ ಡಿಸ್ಕೊದ ಮೇಲಿನ ವಿರೋಧವೂ ಬೆಳೆದು, 1979ರ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಗುಡ್ಡೆಹಾಕಿ ಸಿಡಿಸಲಾಯಿತು. ಆದರೆ ಅದೇ ವರ್ಷ ‘ಶೀಕ್’ನ ‘ಗುಡ್ ಟೈಮ್ಸ್’ ಹಾಡಿನ ಬೇಸ್ ನಡೆಯ ಮೇಲೆ ‘ರ‍್ಯಾಪರ್ಸ್ ಡಿಲೈಟ್’ ಎಂಬ ಗೀತೆ ನಿಂತು, ರ‍್ಯಾಪ್ ಸಂಗೀತವನ್ನು ಜಗತ್ತಿಗೆ ಪರಿಚಯಿಸಿತು. ಎಡ್ವರ್ಡ್ಸ್ 1996ರಲ್ಲಿ ಟೋಕಿಯೋದಲ್ಲಿ, ಕಛೇರಿ ಮುಗಿಸಿದ ಬಳಿಕ ತೀರಿಕೊಂಡನು, ಥಾಂಪ್ಸನ್ 2003ರಲ್ಲಿ. ರಾಜರ್ಸ್ ಮಾತ್ರ ಡೇವಿಡ್ ಬೋವಿ, ಮಡೋನಾ ಮೊದಲಾದವರ ಧ್ವನಿಮುದ್ರಿಕೆಗಳನ್ನು ನಿರ್ಮಿಸಿ, 2013ರಲ್ಲಿ ‘ಡಾಫ್ಟ್ ಪಂಕ್’ ಮೇಳದ ‘ಗೆಟ್ ಲಕಿ’ ಹಾಡಿಗೆ ಅದೇ ಗಿಟಾರ್ ಶೈಲಿಯನ್ನು ಕೊಟ್ಟನು.

ಇವೆಲ್ಲಕ್ಕೂ ಬೀಜ 1977ರ ಆ ಏಳು ಹಾಡುಗಳಲ್ಲಿದೆ. ಡಿಸ್ಕೊ ಎಂದರೆ ಬರಿಯ ಥಳಕು, ಬರಿಯ ಗದ್ದಲ ಎಂದು ಎಣಿಸಿರುವ ವಾಚಕರು, ತೀರ್ಪು ಕೊಡುವ ಮುನ್ನ, ‘ಎವ್ರಿಬಡಿ ಡ್ಯಾನ್ಸ್’ ಹಾಡನ್ನು ಒಮ್ಮೆ ಗಾಯನವನ್ನು ಮರೆತು ಬೇಸ್ ಒಂದನ್ನೇ ಹಿಂಬಾಲಿಸುತ್ತ ಕೇಳಬೇಕೆಂದು ನನ್ನ ವಿನಂತಿ.