ಮಳೆಗಾಲಕ್ಕೆ ಮುನ್ನ ಡೀಸೆಲ್ ಇಂಜಿನ್ನಿನ ಆರೈಕೆ

ಫೆಬ್ರವರಿ–ಮಾರ್ಚಿಯಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ತುಂತುರು ನೀರಾವರಿಯೇ ಗತಿ. ಆಗ ಡೀಸೆಲ್ ಪಂಪ್‌ಸೆಟ್ ಕೈಕೊಟ್ಟರೆ ವರ್ಷದ ಫಸಲಿಗೇ ಪೆಟ್ಟು. ಎಷ್ಟೋ ಸಲ ಈ ಕಾಟದ ಮೂಲ, ಇಂಜಿನ್ ಸುಮ್ಮನೆ ನಿಂತಿದ್ದ ಹಿಂದಿನ ಮಳೆಗಾಲದಲ್ಲಿರುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಚಳಿಗೆ ಡೀಸೆಲ್‌ನಲ್ಲಿರುವ ಮೇಣ ಹೆಪ್ಪುಗಟ್ಟುತ್ತದೆ. ಮಲೆನಾಡು, ಕೊಡಗಿನಲ್ಲಿ ಆ ಭಯವಿಲ್ಲ. ನಮ್ಮ ಶತ್ರು ತೇವ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ನೀರಾಗಿ ಡೀಸೆಲ್‌ನ ಅಡಿಗಿಳಿಯುತ್ತದೆ. ಅಲ್ಲಿ ತುಕ್ಕು ಹಿಡಿಯುತ್ತದೆ. ಸೂಕ್ಷ್ಮಜೀವಿಗಳು ಬೆಳೆದು, ಕಪ್ಪು ಲೋಳೆ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಬೆಳೆಗಾರರು ಮೇ ಕೊನೆಯೊಳಗೆ ಟ್ಯಾಂಕಿನ ಅಡಿನೀರು ತೆಗೆದು, ಶುದ್ಧ ಡೀಸೆಲ್ ತುಂಬಿಸಿಡುವುದು ಒಳಿತು. ಬಳಸಿದ ಆಯಿಲ್‌ನಲ್ಲಿ ಆಮ್ಲವಿರುವುದರಿಂದ, ಇಂಜಿನ್ ಬಿಸಿಯಿರುವಾಗಲೇ ಅದನ್ನು ಬಸಿದು ಹೊಸದು ಹಾಕಿ, ಐದು ನಿಮಿಷ ಓಡಿಸಿರಿ. ನೀರಿನಿಂದ ತಣಿಯುವ ಇಂಜಿನ್ನಾದರೆ ಆ ನೀರನ್ನೂ ಬಸಿಯಿರಿ. ಬೆಲ್ಟ್ ಸಡಿಲಿಸಿ, ಇಂಜಿನ್ ಆರಿದ ಮೇಲೆ ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿರಿ. ಅದನ್ನು ಬಿಚ್ಚದೆ, ನೀರು ತುಂಬದೆ ಚಾಲೂ ಮಾಡಬಾರದೆಂದು ಚೀಟಿ ಬರೆದು ತೂಗುಹಾಕಿರಿ.

ಜನವರಿಯಲ್ಲಿ ಫಿಲ್ಟರ್ ಬದಲಿಸಿ, ಡೀಸೆಲ್ ಪೈಪಿನೊಳಗಿನ ಗಾಳಿ ಬಿಟ್ಟು, ಒಂದು ಗಂಟೆ ನೀರೆತ್ತಿ ನೋಡಿರಿ. ದೋಷ ಕಂಡರೆ, ಮೊಗ್ಗು ನೀರು ಕೇಳುವ ಮೊದಲೇ ರಿಪೇರಿ ಮುಗಿಸಬಹುದು.